ಅವನು ಆರಿಸಿದ ಬಣ್ಣ

"ಕತ್ತರಿಯವರೇ, ಇವೆರಡರಲ್ಲಿ ನನಗೆ ಯಾವುದು ಒಪ್ಪುತ್ತೆ?"

ಕುರ್ಚಿಯಲ್ಲಿ ಕುಳಿತಿದ್ದ ಡ್ಯಾನ್ಸ್ ಟೀಚರು ಶೇಡ್ ಕಾರ್ಡನ್ನು ಅವನ ಮೂಗಿನ ಹತ್ತಿರಕ್ಕೇ ಹಿಡಿದಿದ್ದರು. ಅದರ ಮೇಲೆ ಸಾಲಾಗಿ ಅಂಟಿಸಿದ್ದ ಕೂದಲ ಪುಟ್ಟ ಕುಚ್ಚುಗಳಲ್ಲಿ ಎರಡರ ಮೇಲೆ ಅವರ ಬೆರಳಿತ್ತು.

ಅವನ ಕೈಯ ಕತ್ತರಿ ನಿಲ್ಲಲಿಲ್ಲ. "ಬಣ್ಣದ ವಿಷಯ ನನ್ನನ್ನ ಕೇಳಬೇಡಿ ಟೀಚರ್. ಅದು ಆ ಕಡೆ ಕುರ್ಚಿಯವರ ಇಲಾಖೆ."

"ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

ಆ ಕಡೆಯ ಕುರ್ಚಿಯ ಹಿಂದಿನಿಂದ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ಬಣ್ಣ ಹಚ್ಚುವ ಹುಡುಗಿ ಚಿಟ್ಟೆ ಹೇಳಿದಳು. "ಬಿಡಿ ಟೀಚರ್. ಅವರದು ದೊಡ್ಡ ಕಲೆ. ನಮ್ಮದು ಸುಣ್ಣ ಬಳಿಯೋ ಕೆಲಸ."

ಸಲೂನಿನಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ಚಿಟ್ಟೆ ಮಾತ್ರ ನಗಲಿಲ್ಲ. ಕನ್ನಡಿಯೊಳಗಿನಿಂದ ಒಮ್ಮೆ ಅವನನ್ನು ನೋಡಿ, ನೋಟ ಕಿತ್ತುಕೊಂಡು ತನ್ನ ಕೆಲಸಕ್ಕೆ ತಿರುಗಿದಳು.

ಟೀಚರು ಬೆರಳಿಟ್ಟ ಎರಡು ಕುಚ್ಚುಗಳು ಅವನ ಕಣ್ಣಿಗೆ ಒಂದೇ ತಾಯಿಯ ಮಕ್ಕಳಂತೆ ಕಂಡಿದ್ದವು. ಒಂದು ತಾಮ್ರ, ಇನ್ನೊಂದು ಹಸಿರು ಛಾಯೆಯ ಕಂದು ಎಂಬುದು ಅವನಿಗೆ ಗೊತ್ತಾದದ್ದು ಕೆಳಗೆ ಅಚ್ಚಾದ ನಂಬರಿನಿಂದ. ಹುಟ್ಟಿನಿಂದಲೂ ಅವನಿಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ಕಂಡದ್ದಿಲ್ಲ. ಎರಡೂ ಸೇರಿ ಒಂದು ಮಣ್ಣು ಮಣ್ಣಾದ ಬಣ್ಣ. ಹಳದಿ ಕಾಣುತ್ತದೆ, ನೀಲಿ ಕಾಣುತ್ತದೆ, ನೆರಳು ಬೆಳಕಂತೂ ಬೇರೆಯವರಿಗಿಂತ ಚೆನ್ನಾಗಿಯೇ ಕಾಣುತ್ತದೆ. ಸೋದರಮಾವನಿಗೂ ಹೀಗೇ ಇತ್ತಂತೆ.

ಮೊದಲು ಕೆಲಸಕ್ಕಿದ್ದ ಸಲೂನಿನಲ್ಲಿ ಅವನು ಇದನ್ನು ಸರಳ ಮನಸ್ಸಿನಿಂದ ಹೇಳಿಕೊಂಡಿದ್ದ. ಮಾಲೀಕರು ಹೊಟ್ಟೆ ಹಿಡಿದುಕೊಂಡು ನಕ್ಕರು, ಬಂದ ಗಿರಾಕಿಗಳಿಗೆಲ್ಲ ಹೇಳಿ ನಗಿಸಿದರು. ಆಮೇಲೆ ಗಿರಾಕಿಗಳು ಅವನ ಕುರ್ಚಿ ಬಿಟ್ಟು ಪಕ್ಕದ ಕುರ್ಚಿಗೆ ಕಾಯತೊಡಗಿದರು. ಕೊನೆಗೆ ಕುರ್ಚಿಯೂ ಹೋಯಿತು. ಅದಕ್ಕೇ ಇಲ್ಲಿ ಅವನು ತುಟಿ ಬಿಚ್ಚಿರಲಿಲ್ಲ. 'ನಾನು ಬಣ್ಣ ಮುಟ್ಟೋದಿಲ್ಲ' ಅಂದಿದ್ದ. ಜಂಬ ಅಂದುಕೊಂಡರು. ಅಂದುಕೊಳ್ಳಲಿ ಎಂದು ಬಿಟ್ಟಿದ್ದ.

ಆದರೆ ಚಿಟ್ಟೆಯೂ ಹಾಗೇ ಅಂದುಕೊಂಡಿದ್ದಳು. ಅದು ಮಾತ್ರ ಗಂಟಲಲ್ಲಿ ಸಿಕ್ಕಿದ ಮುಳ್ಳಾಗಿತ್ತು.

ಚಿಟ್ಟೆ ಎಂಬ ಹೆಸರಿಟ್ಟವರು ಗಿರಾಕಿಗಳು. ಪ್ರತಿ ಬೇಸಿಗೆಯಲ್ಲೂ ಬಿಸಿಲು ಏರುತ್ತಿದ್ದಂತೆ ಅವಳು ತನ್ನ ತಲೆಗೆ ಹೊಸ ಬಣ್ಣ ಹಚ್ಚಿಕೊಂಡು ಬರುವಳು. ಅದನ್ನು ನೋಡಿದವರಿಗೆಲ್ಲ ತಮಗೂ ಬೇಕು ಅನ್ನಿಸುವುದು. ಸಲೂನಿನ ಒಡತಿ ದೊಡ್ಡಕ್ಕ ಗಾಜಿನ ಬಾಗಿಲಿಗೆ 'ಬೇಸಿಗೆಗೆ ಹೊಸ ತಲೆ!' ಎಂದು ಬರೆಸಿ ಹಾಕಿದ್ದರು. ಎದುರಿನ ಔಷಧಿ ಅಂಗಡಿಯವರು ಬಂದು, "ಹಳೇ ತಲೆ ವಾಪಸ್ ತಗೊಳ್ತೀರಾ?" ಎಂದು ಕೇಳಿಹೋಗಿದ್ದರು. ಬೋರ್ಡಿಗಿಂತ ಹೆಚ್ಚು ಜನರನ್ನು ತಂದದ್ದು ಅವಳ ತಲೆಯೇ.

ಹೊಸ ಬಣ್ಣ ಹಚ್ಚಿಕೊಂಡ ದಿನ ಅವಳು ಮೊದಲು ಬಂದು ನಿಲ್ಲುತ್ತಿದ್ದದ್ದು ಅವನ ಕುರ್ಚಿಯ ಮುಂದೆ.

"ಹೇಗಿದೆ?"

"ಚೆನ್ನಾಗಿದೆ."

"ಅಷ್ಟೇನಾ?"

"ತುಂಬಾ ಚೆನ್ನಾಗಿದೆ."

ಅವಳ ಮುಖದ ಬೆಳಕು ಒಂದು ಮೆಟ್ಟಿಲು ಇಳಿಯುತ್ತಿತ್ತು. ಅದು ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅದಕ್ಕೆ ಬಣ್ಣ ಬೇಕಿರಲಿಲ್ಲ.

ಅಂದು ಸಂಜೆ ಕೊನೆಯ ಗಿರಾಕಿ ಹೋದಮೇಲೆ ಅವಳು ಬ್ರಷ್ಷು ತೊಳೆಯುತ್ತ ಬೆನ್ನು ತೋರಿಸಿಯೇ ಹೇಳಿದಳು.

"ಸಮುದ್ರದ ದಂಡೆಯ ಹೋಟೆಲಿನ ಸಲೂನಿಂದ ಕರೆ ಬಂದಿದೆ. ಸೋಮವಾರದಿಂದಲೇ ಬರಬೇಕಂತೆ. ಊರು ಬಿಟ್ಟು ಪೂರ್ತಿ ಅಲ್ಲಿಗೇ."

"ಒಳ್ಳೇದಾಯ್ತು," ಎಂದ. ಎಂದ ಮೇಲೆ, ಇದು ಯಾರ ಬಾಯಿ ಅನ್ನಿಸಿತು.

ನಲ್ಲಿ ನಿಂತಿತು. "ಒಳ್ಳೇದಾಯ್ತಾ?"

"ಅಲ್ಲ... ದೊಡ್ಡ ಸಲೂನು ಅಂತ."

"ಹೂಂ, ದೊಡ್ಡದೇ." ಒದ್ದೆ ಕೈ ಒರೆಸಿಕೊಳ್ಳುತ್ತ ತಿರುಗಿದಳು. "ನಾನಿನ್ನೂ ಆಗಲಿ ಅಂದಿಲ್ಲ. ನಾಳೆ ಸಂಜೆ ಫೋನ್ ಮಾಡ್ತಾರೆ. ಅದಕ್ಕೆ ಮುಂಚೆ ನನಗೊಂದು ಕೆಲಸ ಮಾಡಿಕೊಡ್ತೀರಾ?"

"ನಾಳೆ ರಜ ಅಲ್ವಾ?"

"ರಜ ಅಂತಲೇ ಕೇಳ್ತಿರೋದು. ಈ ಬೇಸಿಗೆಗೆ ನನ್ನ ತಲೆಗೆ ನೀವು ಬಣ್ಣ ಹಚ್ಚಬೇಕು. ಯಾವ ಬಣ್ಣ ಅಂತಾನೂ ನೀವೇ ಆರಿಸಬೇಕು. ಮುಗಿಯೋವರೆಗೂ ನಾನು ಕನ್ನಡಿ ನೋಡಲ್ಲ."

"ನನಗೆ ಬಣ್ಣದ ಕೆಲಸ..."

"ಬರಲ್ಲ ಅನ್ನಬೇಡಿ. ಟ್ರೈನಿಂಗು ನಿಮಗೂ ಆಗಿದೆ, ದೊಡ್ಡಕ್ಕ ಹೇಳಿದ್ದಾರೆ. ಇಷ್ಟು ವರ್ಷ ಪಕ್ಕದಲ್ಲೇ ನಿಂತು ನನ್ನ ಕೆಲಸವನ್ನ ಒಂದು ಸಲ ಸರಿಯಾಗಿ ನೋಡಲಿಲ್ಲ ನೀವು. ಈಗ ನೋಡಿ. ನನ್ನನ್ನ ನೋಡಿದ್ರೆ ನಿಮಗೆ ಯಾವ ಬಣ್ಣ ಕಾಣುತ್ತೋ ಅದನ್ನ ಹಚ್ಚಿ." ಅವಳ ದನಿ ಸಣ್ಣದಾಯಿತು. "ಅದನ್ನ ನೋಡಿಕೊಂಡು, ಫೋನಲ್ಲಿ ಏನು ಹೇಳಬೇಕು ಅಂತ ತೀರ್ಮಾನ ಮಾಡ್ತೀನಿ."

ಒಬ್ಬಳು ಹೆಣ್ಣು ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ? ಅವನು ಅಲ್ಲೇ, ಆಗಲೇ ಹೇಳಿಬಿಡಬೇಕಿತ್ತು. ಹೇಳಿದ್ದು, "ಎಷ್ಟು ಹೊತ್ತಿಗೆ ಬರಲಿ?" ಅಂತ.

ಮನೆಯಲ್ಲಿ ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು. ಅವನ ಅಂಗಿಗಳಿಗೆ ಹೊಂದುವ ಪ್ಯಾಂಟು ಜೋಡಿಸಿ, ಜೊತೆ ಜೊತೆಯಾಗಿಯೇ ಕಪಾಟಿನಲ್ಲಿಡುವುದು ಅವಳ ಬಹುಕಾಲದ ಅಭ್ಯಾಸ. ಎಲ್ಲ ಕೇಳಿಸಿಕೊಂಡು, "ಹೇಳಿಬಿಡೋ, ಪೆದ್ದ," ಎಂದಳು.

"ನಗ್ತಾಳೆ."

"ನಗಲಿ. ಎರಡು ಕಾಲಿಗೆ ಎರಡು ಥರ ಕಾಲುಚೀಲ ಹಾಕ್ಕೊಂಡು ಹೊರಟಾಗ ನಿನ್ನ ಭಾವ ನಗಲ್ವಾ? ಸತ್ತುಹೋದ್ಯಾ?"

"ಭಾವ ನಕ್ರೆ ನಗಲಿ ಅಕ್ಕ. ಅವಳಿಗೆ ಬಣ್ಣ ಅಂದ್ರೆ ಉಸಿರು. ಹಾಡೋಳು ಹೋಗಿ ಕಿವುಡನ್ನ ಕಟ್ಟಿಕೊಳ್ತಾಳಾ?"

ಅಕ್ಕನ ಕೈ ಅಂಗಿಯ ಕಾಲರಿನ ಮೇಲೆ ನಿಂತಿತು.

ಮರುದಿನ ಮಧ್ಯಾಹ್ನ ಬೀದಿ ಕಾದ ಹಂಚಾಗಿತ್ತು. ಶಟರನ್ನು ಅರ್ಧ ಎತ್ತಿ ಒಳಗೆ ನುಗ್ಗಿದರೆ ಅವಳು ಆಗಲೇ ಕುರ್ಚಿಯಲ್ಲಿದ್ದಳು. ಕನ್ನಡಿಗೆ ಬೆನ್ನು. ಕೂದಲಿನ ಹಳೆಯ ಬಣ್ಣವನ್ನೆಲ್ಲ ಬ್ಲೀಚಿನಿಂದ ತೆಗೆದುಕೊಂಡು ಕೂತಿದ್ದಳು. ಬೆನ್ನಿನ ನಡುವಿನವರೆಗೆ ಇಳಿಬಿದ್ದ ಬರಿಯ ಹಳದಿ ಕೂದಲು. ಆ ಹಳದಿ ಅವನಿಗೆ ಚೆನ್ನಾಗಿ ಕಾಣಿಸಿತು. ಎಷ್ಟೋ ಹೊತ್ತು ನೋಡಿದ.

"ಏನು, ಹೆದರಿಕೆ ಆಯ್ತಾ?"

"ಇಲ್ಲ."

"ನನಗೆ ಆಗ್ತಿದೆ," ಎಂದು ನಕ್ಕಳು.

ಬಣ್ಣದ ಕಪಾಟಿನ ಮುಂದೆ ಅವನು ನಿಂತ. ಟ್ಯೂಬುಗಳ ಮೇಲೆ ನಂಬರುಗಳು. ನಂಬರುಗಳ ಅರ್ಥವೆಲ್ಲ ಅವನಿಗೆ ಬಾಯಿಪಾಠ. ಯಾವ ಬಣ್ಣ ಬೇಕೆಂದು ರಾತ್ರಿಯಿಡೀ ಯೋಚಿಸಿಟ್ಟುಕೊಂಡಿದ್ದ. ಒಮ್ಮೆ ನಡುಹಗಲಿನಲ್ಲಿ ಅವಳು ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಬಿಸಿಲು ಕೂದಲ ಮೇಲೆ ಬಿದ್ದು, ನೀರು ಹಿಂದೆ ಸರಿದ ಮೇಲೆ ಒಣಗುತ್ತಿರುವ ಮರಳಿನ ಹಾಗೆ ಹೊಳೆದಿತ್ತು. ಆ ಮರಳು ಬೇಕು. ಹಳದಿಯನ್ನು ತಗ್ಗಿಸುವ, ನೀಲಿ ಬೆರೆತ ಬೂದಿ ಛಾಯೆಯ ಟೋನರು ಆರಿಸಿ, ಬಟ್ಟಲಿಗೆ ಹಿಂಡಿ, ಕಲಸಿದ.

"ಯಾವುದು ತಗೊಂಡ್ರಿ?"

"ಹೇಳಲ್ಲ. ನೀವೇ ಅಂದ್ರಲ್ಲ, ಕೊನೆಗೇ ನೋಡ್ತೀನಿ ಅಂತ."

"ಪರವಾಗಿಲ್ಲ, ಕತ್ತರಿಯವರಿಗೆ ಮಾತೂ ಬರುತ್ತೆ."

ಕುತ್ತಿಗೆಯಿಂದ ಶುರುಮಾಡಿ, ಎಳೆ ಎಳೆ ಬಿಡಿಸಿ ಹಚ್ಚತೊಡಗಿದ. ಫ್ಯಾನು ಬಿಸಿ ಗಾಳಿಯನ್ನೇ ತಿರುವಿ ಹಾಕುತ್ತಿತ್ತು. ಅವಳ ಕಿವಿಯ ಹಿಂದೆ ಬೆವರಿನ ಹನಿಯೊಂದು ಇಳಿಯಲೋ ಬೇಡವೋ ಎಂದು ನಿಂತಿತ್ತು. ಅದನ್ನು ಒರೆಸಬೇಕೆನ್ನಿಸಿ, ಒರೆಸದೆ, ಮುಂದಿನ ಎಳೆ ತೆಗೆದುಕೊಂಡ.

"ನಿಮ್ಮ ಕೈ ನಡುಗ್ತಿದೆ."

"ಬ್ರಷ್ಷು ಹೊಸದು."

"ಅದು ನನ್ನ ಬ್ರಷ್ಷು. ಸವೆದು ಮೂಲೆ ಸೇರೋ ಹಾಗಿದೆ."

ಈಗ ಹೇಳಬೇಕು. "ನೋಡಿ, ನಿಮಗೊಂದು ವಿಷಯ..." ಎಂದು ಅವನು ಶುರುಮಾಡುವುದಕ್ಕೂ ಅವಳ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು.

"ಸಂಜೆ ಹೇಳ್ತೀನಿ ಅಂದಿದ್ದೆನಲ್ಲ ಸಾರ್," ಎಂದಳು ಫೋನಿಗೆ. "ಇಲ್ಲ, ಇನ್ನೂ ಇಲ್ಲ. ಇನ್ನೊಂದು ಸ್ವಲ್ಪ ಹೊತ್ತು." ಫೋನನ್ನು ತೊಡೆಯ ಮೇಲೆ ಕವುಚಿಟ್ಟು, "ಏನೋ ಹೇಳ್ತಿದ್ರಿ?" ಎಂದು ಕೇಳಿದಳು. ಆ ಕೇಳುವಿಕೆಯಲ್ಲಿ ಎಷ್ಟು ಆಸೆಯಿತ್ತೆಂದರೆ, ಆಸೆಯನ್ನು ಒಡೆಯುವ ಮಾತು ಅವನ ನಾಲಗೆಯಿಂದ ಹೊರಡಲಿಲ್ಲ.

"ತಲೆ ಅಲ್ಲಾಡಿಸಬೇಡಿ ಅಂತ."

ಹಚ್ಚಿ ಮುಗಿಯಿತು. ಇನ್ನು ಕಾಯುವುದು. ಅವಳು ಗಿರಾಕಿಗಳಿಗೆ ಹೇಳುತ್ತಿದ್ದದ್ದನ್ನು ಅವನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದ: ಹಳದಿ ಹೋಗುವುದನ್ನೇ ನೋಡುತ್ತಿರಬೇಕು, ಹೋದ ಕ್ಷಣ ತೊಳೆದುಬಿಡಬೇಕು. ಗಡಿಯಾರ ನಂಬಬಾರದು, ಕಣ್ಣನ್ನೇ ನಂಬಬೇಕು.

ಒಂದು ಎಳೆಯನ್ನು ಟವೆಲ್ಲಿನಿಂದ ಒರೆಸಿ ನೋಡಿದ. ಹಳದಿ.

"ಹೋಯ್ತಾ?"

"ಇನ್ನೂ ಇದೆ."

ಮತ್ತೆ ಕಾದ. ಮತ್ತೆ ಒರೆಸಿದ. ಸ್ವಲ್ಪ ಮಂಕಾಗಿದೆ, ಆದರೂ ಹಳದಿಯೇ.

"ಇಷ್ಟು ಹೊತ್ತಾ?" ಅವಳ ದನಿಯಲ್ಲಿ ಕೆಲಸ ಗೊತ್ತಿರುವವಳ ಅನುಮಾನ ತಲೆ ಎತ್ತಿತು. ಕುರ್ಚಿ ತಿರುಗಿಸಲು ಹೋದ ಕಾಲನ್ನು ತಾನೇ ತಡೆದುಕೊಂಡಳು. "ಇರಲಿ. ನಿಮ್ಮ ಕಣ್ಣಿಗೆ ಬಿಟ್ಟಿದ್ದೀನಿ."

ಇನ್ನೂ ಕಾದ. ಹಳದಿ ಹೋಗಲಿಲ್ಲ. ಕೊನೆಗೆ ಭಯವಾಗಿ, ತೊಟ್ಟಿಯ ಹತ್ತಿರ ಕೂರಿಸಿ ತೊಳೆದ. ತಣ್ಣೀರಿನ ಕೆಳಗೆ ಅವಳ ತಲೆ ಅವನ ಎರಡೂ ಅಂಗೈಯ ಮೇಲೆ ಭಾರ ಬಿಟ್ಟಿತು. ಕಣ್ಣು ಮುಚ್ಚಿದ್ದಳು. ರೆಪ್ಪೆಯ ತುದಿಯಲ್ಲಿ ನೀರಿನ ಹನಿ. ಬದುಕಿನಲ್ಲಿ ಇಷ್ಟು ನಂಬಿಕೆಯಿಂದ ಯಾರೂ ಅವನ ಕೈಗೆ ತಲೆ ಕೊಟ್ಟಿರಲಿಲ್ಲ. ಅವನಿಗೆ ಅಳು ಬರುವ ಹಾಗಾಯಿತು.

ಒಣಗಿಸಿ, ಬಾಚಿ, ಕುರ್ಚಿಯನ್ನು ಕನ್ನಡಿಗೆ ತಿರುಗಿಸಿದ.

ಅವಳು ಕಣ್ಣು ತೆರೆದಳು.

ಅವನು ಕೂದಲು ನೋಡಲಿಲ್ಲ, ಮುಖ ನೋಡಿದ. ತುಟಿಯಲ್ಲಿ ಮೊಳೆತ ನಗೆ ಅಲ್ಲೇ ಬಾಡಿತು. ಹುಬ್ಬು ಕೂಡಿತು. ಒಂದು ಹಿಡಿ ಕೂದಲನ್ನು ಮುಂದಕ್ಕೆ ಎಳೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು.

"ಹಸಿರು," ಎಂದಳು.

ಹಳದಿ ಯಾವಾಗಲೋ ಹೋಗಿತ್ತು. ಟೋನರಿನ ನೀಲಿ ಹಳದಿಯೊಳಗೆ ಇಳಿದು ಮರಳಿನ ಬಣ್ಣವಾದ ಗಳಿಗೆಯನ್ನು ದಾಟಿ, ಅದು ಹಸಿರಿಗೆ ತಿರುಗಿತ್ತು. ಆ ಹಸಿರೂ ಅವನ ಕಣ್ಣಿಗೆ ಮಂಕು ಹಳದಿಯೇ. ಹೋಗಲಿ ಹೋಗಲಿ ಎಂದು ಅವನು ಕಾದಷ್ಟೂ ಅದು ಗಾಢವಾಗುತ್ತಲೇ ಹೋಗಿತ್ತು.

"ಹೋಗು ಅನ್ನೋದನ್ನ ಬಾಯಲ್ಲೇ ಹೇಳಬಹುದಿತ್ತು." "ನನ್ನನ್ನ ನೋಡಿದ್ರೆ ನಿಮಗೆ ಕಾಣೋದು ಕೆರೆಯ ಪಾಚಿನಾ? ಇಷ್ಟು ಹೊತ್ತು ಕೂರಿಸಿ, ತಮಾಷೆ ನೋಡಿ..."

ಅವನು ಬಗ್ಗಿ ಅವಳ ಕೂದಲು ನೋಡುತ್ತಿದ್ದ. ಒಂದು ಹಿಡಿ ಬಿಟ್ಟು ಇನ್ನೊಂದು ಹಿಡಿ ಎತ್ತಿ, ನೆಲಕ್ಕೆ ಬಿದ್ದ ಸೂಜಿಯನ್ನು ಹುಡುಕುವವನ ಹಾಗೆ. ಹಣೆಯ ಬೆವರು ಮೂಗಿನ ತುದಿಗೆ ಇಳಿದಿತ್ತು.

ಅವಳ ಮಾತು ನಿಂತಿತು. ಕನ್ನಡಿಯೊಳಗಿನ ಅವನನ್ನೇ ದಿಟ್ಟಿಸಿದಳು. ಆಮೇಲೆ ತೀರ ಮೆಲ್ಲಗೆ, "ನಿಮಗೆ ಕಾಣ್ತಿಲ್ಲ," ಎಂದಳು.

ತಮಾಷೆ ಮಾಡಿದೆ ಎಂದುಬಿಟ್ಟರೆ ಗುಟ್ಟು ಉಳಿಯುತ್ತದೆ, ಅವಳು ಹೋಗುತ್ತಾಳೆ. ನಿಜ ಹೇಳಿದರೆ ಗುಟ್ಟೂ ಹೋಗುತ್ತದೆ, ಅವಳೂ ಹೋಗಬಹುದು. ಅವನು ಬಾಚಣಿಗೆ ಕೆಳಗಿಟ್ಟ.

"ಇಲ್ಲ. ಕೆಂಪು, ಹಸಿರು ನನಗೆ ಕಾಣಲ್ಲ. ಹುಟ್ಟಿದಾಗಿಂದ. ನನಗದು ಇನ್ನೂ ಹಳದಿ ಥರಾನೇ ಕಾಣ್ತಿತ್ತು. ಹಳದಿ ಹೋಗಲಿ ಅಂತಲೇ ಬಿಟ್ಟೆ."

ಈಗ ಅವಳ ನಗು ಬರುತ್ತದೆ. ಆಮೇಲೆ ಎಲ್ಲರೂ ಮಾಡುವ ಪರೀಕ್ಷೆ: ಇದು ಯಾವ ಬಣ್ಣ ಹೇಳು, ಅದು ಯಾವ ಬಣ್ಣ ಹೇಳು. ಅವನು ಕಾದ. ಎರಡೂ ಬರಲಿಲ್ಲ.

"ಹಾಗಾದ್ರೆ ನಾನು ಮಾಡಿದ್ದು ಯಾವುದನ್ನೂ ನೀವು ನೋಡೇ ಇಲ್ಲ," ಎಂದಳು. "ಪ್ರತಿ ಬೇಸಿಗೆಯಲ್ಲೂ ಬಂದು ನಿಮ್ಮ ಮುಂದೆ ನಿಂತೆ."

"ನೋಡಿಲ್ಲ."

"ಚೆನ್ನಾಗಿದೆ ಅಂತಿದ್ರಲ್ಲ! ಏನು ನೋಡಿ ಹೇಳಿದ್ರಿ?"

"ನಿಮ್ಮನ್ನ."

"ಸಿನಿಮಾ ಮಾತು ಬೇಡ." ಅವಳ ಕಣ್ಣು ತುಂಬಿತ್ತು, ಸಿಟ್ಟು ಇಳಿದಿರಲಿಲ್ಲ. "ಏನು ನೋಡಿದೆ, ಹೇಳು."

ಆ ಏಕವಚನ ಅವನ ಬೆನ್ನಿಗೆ ಕೈಯಿಟ್ಟು ತಳ್ಳಿದಂತಾಯಿತು.

"ಹೋದ ಬೇಸಿಗೆಯಲ್ಲಿ ನಿನ್ನ ಕೂದಲು ಎಡಗಡೆ ಒಂದು ಬೆರಳು ಗಿಡ್ಡ ಇತ್ತು. ಬೇರೆ ಯಾರೋ ಕತ್ತರಿಸಿದ್ರು. ಸರಿ ಮಾಡ್ಲಾ ಅಂತ ಕೇಳೋಕೆ ಬಾಯಿ ಬರಲಿಲ್ಲ. ಕುತ್ತಿಗೆ ಹತ್ತಿರ ನಿನಗೊಂದು ಸುಳಿ ಇದೆ, ಕೂದಲನ್ನ ಬಲಕ್ಕೆ ತಳ್ಳುತ್ತೆ. ಅದಕ್ಕೇ ನೀನು ಜಡೆ ಹೆಣೆದ್ರೆ ಯಾವಾಗಲೂ ಆ ಕಡೆ ವಾಲುತ್ತೆ. ಸಿಟ್ಟು ಬಂದಾಗ ಕೂದಲನ್ನ ಎರಡೂ ಕಿವಿ ಹಿಂದೆ ಸಿಕ್ಕಿಸ್ತೀಯ. ಸುಳ್ಳು ಹೇಳುವಾಗ ಒಂದೇ ಕಿವಿ ಹಿಂದೆ. ಜ್ವರ ಬಂದು ಎದ್ದು ಬಂದೆಯಲ್ಲ, ಆಗ ಹೊಳಪು ಪೂರ್ತಿ ಇಳಿದುಹೋಗಿತ್ತು. ಎಲ್ಲರೂ ಬಣ್ಣ ಎಷ್ಟು ಚೆನ್ನಾಗಿದೆ ಅಂತಿದ್ರು. ನನಗೆ ಮಾತ್ರ ಆ ವಾರ ಊಟ ಸೇರಲಿಲ್ಲ."

ಬೀದಿಯಲ್ಲಿ ಯಾರದೋ ಸ್ಕೂಟರು ಹೋಯಿತು. ಅವಳು ಮೂಗೆಳೆದುಕೊಂಡಳು.

"ಇದನ್ನ ಆಗಲೇ ಹೇಳಿದ್ರೆ ಏನಾಗ್ತಿತ್ತು?"

"ಕುರ್ಚಿ ಹೋಗ್ತಿತ್ತು."

"ನಾನು ಕುರ್ಚಿ ಬಗ್ಗೆ ಕೇಳಲಿಲ್ಲ."

"ನೀನು... ಬಣ್ಣವೇ ಕಾಣದವನ ಜೊತೆ ನಿನಗೇನು ಕೆಲಸ ಅಂದುಕೊಂಡೆ."

"ಅದನ್ನೂ ನೀನೇ ಅಂದುಕೊಂಡೆ. ನನ್ನ ಪಾಲಿನ ಯೋಚನೇನೂ ನೀನೇ ಮಾಡಿಬಿಟ್ಟೆ." ಕೂದಲನ್ನು ಎರಡೂ ಕಿವಿಯ ಹಿಂದೆ ಸಿಕ್ಕಿಸಿಕೊಂಡಳು. ಸಿಕ್ಕಿಸಿಕೊಂಡದ್ದು ತನಗೇ ಗೊತ್ತಾಗಿ, ಕೋಪದ ನಡುವೆಯೇ ಅರ್ಧ ನಗೆ ಜಾರಿತು. ಅದನ್ನು ಒರೆಸಿಹಾಕುವಂತೆ ಮುಖ ಗಂಟಿಕ್ಕಿದಳು. "ಇದರ ಮೇಲೆ ಒಂಚೂರು ಕೆಂಪು ಹಾಕಿದ್ರೆ ಹಸಿರು ಹೋಗುತ್ತೆ. ಕಣ್ಣು ಮುಚ್ಚಿಕೊಂಡು ಮಾಡ್ತೀನಿ ನಾನು ಅದನ್ನ. ಆದ್ರೆ ಬೇಡ. ನಿನಗೆ ಕಾಣೋದನ್ನ ಮಾಡು ಅಂದಿದ್ದೆ, ಮಾಡು. ಕತ್ತರಿ ತಗೋ."

"ಎಷ್ಟು?"

"ನನ್ನನ್ನ ಕೇಳಬೇಡ. ಅದು ಈ ಕಡೆ ಕುರ್ಚಿಯವರ ಇಲಾಖೆ."

ಅವನು ಕತ್ತರಿ ತೆಗೆದುಕೊಂಡ. ಮೊದಲ ಹಿಡಿ ಕತ್ತರಿಸುವಾಗ ಅವಳ ಭುಜ ಗಟ್ಟಿಯಾಯಿತು. ಆಮೇಲೆ ಸಡಿಲಾಯಿತು. ಅವನ ಕೈಯ ನಡುಕ ಎಲ್ಲಿ ಹೋಯಿತೋ. ಹಿಂದೆ ಗಿಡ್ಡ, ಕಿವಿಯ ಹತ್ತಿರ ಇನ್ನೂ ಗಿಡ್ಡ, ಹಣೆಯ ಮೇಲೆ ಗಾಳಿಗೆ ಹಾರುವಷ್ಟು. ಸುಳಿಯ ಜೊತೆ ಜಗಳ ಮಾಡದೆ, ಅದು ತಿರುಗುವ ಕಡೆಗೇ ಬಿಟ್ಟ. ಮಡಿಲಿಗೆ ಬಿದ್ದ ಕೂದಲನ್ನು ಅವಳು ಒಂದೊಂದಾಗಿ ಎತ್ತಿ ನೋಡುತ್ತಿದ್ದಳು.

"ಇದು ಪಾಚಿ. ಪಕ್ಕಾ ಪಾಚಿ. ಇದು ನಿಂಬೆಕಾಯಿ, ಇನ್ನೂ ಹಣ್ಣಾಗಿಲ್ಲ. ಇದು..." ಸ್ವಲ್ಪ ತಡೆದಳು. "ಯಾವ ಬಣ್ಣ ಬರಲಿ ಅಂತ ಹಚ್ಚಿದೆ?"

"ಮರಳು. ಒಣಗ್ತಾ ಇರೋ ಮರಳು."

ಅವಳು ಕನ್ನಡಿಗೆ ಬಾಗಿ, ಬುಡದ ಕೂದಲನ್ನು ಬೆರಳಿನಿಂದ ಬಿಡಿಸಿ ನೋಡಿಕೊಂಡಳು. ತುದಿಯ ಒಣಕಲು ಕೂದಲು ಹೀರಿದಷ್ಟು ಬಣ್ಣವನ್ನು ಬುಡ ಹೀರಿರಲಿಲ್ಲ.

"ಇಲ್ಲಿ ಬಂದಿದೆ," ಎಂದಳು. "ಬುಡದಲ್ಲಿ ಬಂದಿದೆ. ಮರಳೇ."

ಅವನಿಗೆ ಅದು ಕಾಣಲಿಲ್ಲ. ಅವಳು ಹೇಳಿದ್ದನ್ನು ನಂಬಿದ.

ಫೋನು ಮತ್ತೆ ಬಡಿದುಕೊಂಡಿತು. ಇಬ್ಬರೂ ಅದನ್ನೇ ನೋಡಿದರು. ಅವಳು ಎತ್ತಿಕೊಂಡು, "ಹೇಳಿ ಸಾರ್. ಹೂಂ, ತೀರ್ಮಾನ ಆಯ್ತು. ಅದಕ್ಕೆ ಮೊದಲು ಒಂದು ಮಾತು. ನಿಮಗೆ ಕತ್ತರಿ ಕೆಲಸದವರೂ ಬೇಕು ಅಂದಿದ್ರಿ. ಇಲ್ಲೊಬ್ಬರಿದ್ದಾರೆ, ಅವರೇ ಮಾತಾಡ್ತಾರೆ," ಎಂದು ಫೋನನ್ನು ಅವನ ಮುಂದೆ ಹಿಡಿದಳು.

ಅವನು ತಲೆ ಅಡ್ಡಡ್ಡ ಆಡಿಸಿದ. ಅವಳು ಕೈ ಹಿಂದೆ ತೆಗೆಯಲಿಲ್ಲ. ಬೇಕಿದ್ದರೆ ಮುಚ್ಚಿಟ್ಟುಕೋ ಎಂದೂ ಹೇಳಲಿಲ್ಲ, ಹೇಳು ಎಂದೂ ಹೇಳಲಿಲ್ಲ.

ಫೋನು ತೆಗೆದುಕೊಂಡ. ಹಳೆಯ ಮಾಲೀಕರ ನಗು ಕಿವಿಯಲ್ಲಿ ಒಮ್ಮೆ ಮೊಳಗಿಹೋಯಿತು.

"ನಮಸ್ಕಾರ ಸಾರ್. ಕಟಿಂಗ್ ಯಾವ ಥರದ್ದಾದ್ರೂ ಮಾಡ್ತೀನಿ. ಆದ್ರೆ ಮೊದಲೇ ಹೇಳಿಬಿಡ್ತೀನಿ, ನನಗೆ ಕೆಂಪು, ಹಸಿರು ವ್ಯತ್ಯಾಸ ಕಾಣಲ್ಲ. ಬಣ್ಣದ ಕೆಲಸ ನನ್ನ ಕೈಲಾಗಲ್ಲ. ಗಿರಾಕಿಗಳಿಂದಲೂ ಇದನ್ನ ನಾನು ಮುಚ್ಚಿಡಲ್ಲ."

ಆ ಕಡೆಯವರು, "ಒಂದು ನಿಮಿಷ ಇರಿ, ಮೇಡಂ ಹತ್ತಿರ ಕೇಳ್ತೀನಿ," ಎಂದರು. ಫೋನಿನೊಳಗೆ ಕಾಯುವವರಿಗೆ ಹಾಕುವ ಯಾವುದೋ ಆಟಿಕೆಯಂಥ ಸಂಗೀತ ಶುರುವಾಯಿತು.

"ಬೇಡ ಅಂದ್ರೆ?" ಅವಳು ಪಿಸುಗುಟ್ಟಿದಳು.

"ಬೇಡ ಅಂದ್ರೆ ನೀನು ಹೋಗು. ಅದು ನಿನಗೆ ಸಿಕ್ಕಿರೋ ಜಾಗ. ಅದೇ ಊರಲ್ಲಿ ನಾನೂ ಒಂದು ಕುರ್ಚಿ ಹುಡುಕಿಕೊಂಡು ಬರ್ತೀನಿ. ಎಲ್ಲ ಸಲೂನಿನ ಬಾಗಿಲಲ್ಲೂ ನಿಂತು ಇದನ್ನೇ ಹೇಳ್ತೀನಿ. ನಗೋರು ನಗಲಿ."

"ದೊಡ್ಡಕ್ಕ ಇಬ್ಬರನ್ನೂ ಬೈದು ಭಂಗಿ ಬಿಡಿಸ್ತಾರೆ."

"ಬೈಸಿಕೊಳ್ಳೋಣ."

ಸಂಗೀತ ಹರಿಯುತ್ತಲೇ ಇತ್ತು. ಅವಳು ಕನ್ನಡಿಯಲ್ಲಿ ತನ್ನ ಹೊಸ ತಲೆಯನ್ನು ಅತ್ತ ಇತ್ತ ತಿರುಗಿಸಿ ನೋಡಿಕೊಂಡಳು. ಕುತ್ತಿಗೆ ಎಂದೂ ಇಷ್ಟು ಬಯಲಾಗಿರಲಿಲ್ಲ. ಫ್ಯಾನಿನ ಗಾಳಿ ಅಲ್ಲಿ ಮೊದಲ ಸಲ ತಾಗಿರಬೇಕು, ಭುಜ ಕುಗ್ಗಿಸಿ ನಡುಗಿದಳು.

"ಹಿಂದೆ ಒಂದು ಎಳೆ ಹಸಿರು ಉಳಿದುಬಿಟ್ಟಿದೆ," ಎಂದಳು.

ಅವನು ಬಗ್ಗಿ ನೋಡಿದ. ಎಲ್ಲವೂ ಒಂದೇ ಥರ. "ನನಗೆ ಗೊತ್ತಾಗಲ್ಲ. ತೋರಿಸು."

ಅವಳು ಕೈಯನ್ನು ಹಿಂದಕ್ಕೆ ಚಾಚಿ, ಅವನ ಬೆರಳು ಹಿಡಿದು, ಸುಳಿಯ ಪಕ್ಕಕ್ಕೆ ತಂದು ಇಟ್ಟಳು. ಅಲ್ಲಿ ಚರ್ಮ ಬೆಚ್ಚಗಿತ್ತು, ನಾಡಿ ಓಡುತ್ತಿತ್ತು. ಸಂಗೀತ ನಿಂತು, "ಹಲೋ, ಇದ್ದೀರಾ?" ಎಂಬ ದನಿ ಬಂತು. "ಸೋಮವಾರ ನೀವೂ ಬನ್ನಿ. ಒಂದು ತಲೆ ಕತ್ತರಿಸಿ ತೋರಿಸಿ, ನೋಡೋಣ."

"ಆಗಲಿ ಸಾರ್, ಇಬ್ಬರೂ ಬರ್ತೀವಿ," ಎಂದು ಅವನು ಫೋನು ಇಟ್ಟ.

"ಎಳೆ ಸಿಕ್ತಾ?" ಎಂದು ಅವಳು ಕೇಳಿದಳು.

"ಹೂಂ."

"ಹಾಗಾದ್ರೆ ಕತ್ತರಿಸು."

ಅವನು ಬೆರಳು ತೆಗೆಯಲಿಲ್ಲ. ಅವಳೂ ಅವನ ಕೈ ಬಿಡಲಿಲ್ಲ.